ದಂಡೆ ಇದೆ, ದಾರಿ ಯಾವುದು? ಶಿವಮೊಗ್ಗ ಸುತ್ತ ಹೊಳೆ ಪಕ್ಕದ ನಡಿಗೆಗೆ ನಾಲ್ಕು ಆಯ್ಕೆ

ನಮ್ಮ ಕಡೆ ಹೊಳೆಗೇನೂ ಬರ ಇಲ್ಲ. ತುಂಗೆ, ಭದ್ರೆ, ಶರಾವತಿ, ಕುಮುದ್ವತಿ, ವರದೆ, ಮಾಲತಿ ಅಂತ ಎಣಿಸುತ್ತಾ ಹೋಗಬಹುದು. ಹಾಗಾಗಿ "ಈ ಭಾನುವಾರ ಹೊಳೆ ದಂಡೆ ಹಿಡಿದು ನಡೆಯೋಣ, ಬುತ್ತಿ ಕಟ್ಟಿಕೊಳ್ಳಿ" ಅಂತ ಯಾರಾದರೂ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಸಾಕು, ಸಾಲಾಗಿ ಹೆಬ್ಬೆರಳು ಏಳುತ್ತವೆ. ತಾಪತ್ರಯ ಶುರುವಾಗುವುದು ಭಾನುವಾರ ಬೆಳಗ್ಗೆ. ಹೋಗಿ ನಿಂತರೆ ದಂಡೆ ಇರುತ್ತದೆ, ದಾರಿ ಇರುವುದಿಲ್ಲ.

ಮಲೆನಾಡಿನಲ್ಲಿ ಅಡಿಕೆ ತೋಟ ನೀರಿನ ಅಂಚಿಗೇ ಇಳಿದಿರುತ್ತದೆ. ತೋಟಕ್ಕೆ ಬೇಲಿ. ಬೇಲಿ ಮುಗಿದಲ್ಲಿ ಹೊಳೆಗೆ ಸೇರುವ ಹಳ್ಳ. ಹಳ್ಳಕ್ಕೆ ಕಾಲುಸಂಕ ಇದ್ದರೆ ಪುಣ್ಯ. ಇಲ್ಲದಿದ್ದರೆ ಮೇಲಕ್ಕೆ ಹೋಗಿ, ದಾಟಿ, ಮತ್ತೆ ಕೆಳಗೆ ಬರಬೇಕು. ಅಬ್ಬಾ ಅಂತ ಉಸಿರು ಬಿಡುವಷ್ಟರಲ್ಲಿ ಅರಣ್ಯ ಇಲಾಖೆಯ ಬೋರ್ಡು ಎದುರಾಗುತ್ತದೆ.

ನಾವು ಐದು ಜನ ಮೊದಲ ಸಲ ಹೊರಟಿದ್ದು ಹೀಗೇ, ಮೊಬೈಲಿನ ಮ್ಯಾಪ್ ನಂಬಿಕೊಂಡು. ತೀರ್ಥಹಳ್ಳಿ ಈಚೆ ಒಂದು ಹಳ್ಳಿಯಲ್ಲಿ ಬಸ್ ಇಳಿದೆವು. ಮ್ಯಾಪಿನಲ್ಲಿ ತುಂಗೆ ನೀಲಿ ಗೆರೆಯಾಗಿ ಚೆನ್ನಾಗಿ ಹರಿಯುತ್ತಿತ್ತು. ನೆಲದ ಮೇಲೆ ಎರಡು ಗಂಟೆಯಲ್ಲಿ ನಾವು ನಡೆದದ್ದು ಮೂರು ಕಿಲೋಮೀಟರ್. ಕೊನೆಗೆ ಯಾರದ್ದೋ ತೋಟದ ನಡುವೆ ಸಿಕ್ಕಿಬಿದ್ದೆವು. ಯಜಮಾನರು ಬಂದು, "ಯಾರ್ರೀ ಅದು? ಅಡಿಕೆ ವ್ಯಾಪಾರಕ್ಕೆ ಬಂದವರಾ?" ಅಂತ ಕೇಳಿದರು. ಅಲ್ಲ, ಸುಮ್ನೆ ನಡೆಯೋಕೆ ಬಂದಿದ್ದೇವೆ ಅಂದಾಗ ಅವರ ಮುಖದಲ್ಲಿ ಕಂಡದ್ದು ಕೋಪ ಅಲ್ಲ, ಕನಿಕರ. ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟು, ಟಾರ್ ರಸ್ತೆವರೆಗೆ ಬಿಟ್ಟುಬಂದರು.

ಅಲ್ಲಿಂದೀಚೆಗೆ ಬೇರೆ ಬೇರೆ ಕಡೆ ನಡೆದು ನೋಡಿದ್ದೇವೆ. ಕೊನೆಗೆ ನಾಲ್ಕು ದಾರಿ ಉಳಿದುಕೊಂಡವು: ನಾಲೆ ಏರಿ, ಕೂಡ್ಲಿ, ಚಿಬ್ಬಲಗುಡ್ಡೆಯಿಂದ ತೀರ್ಥಹಳ್ಳಿ, ಶರಾವತಿ ಹಿನ್ನೀರು. ನಾಲ್ಕೂ ಚಂದವೇ. ಚಂದ ನೋಡಿ ಆರಿಸಲು ಹೋದರೆ ವಾದ ಮುಗಿಯುವುದಿಲ್ಲ. ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ, ಅವರನ್ನು ನೋಡಿ ಆರಿಸಿ. ನಮ್ಮಲ್ಲಿ ಅದು ನಿವೃತ್ತ ಮೇಷ್ಟ್ರು. ಎಡಗಾಲಿನ ಮಂಡಿ ನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಅವರಿಗೆ ಆಗುವ ದಾರಿಯಲ್ಲಿ ಎಲ್ಲರಿಗೂ ಖುಷಿ. ಅವರಿಗೆ ಆಗದ ದಾರಿಯಲ್ಲಿ ಮುಂದೆ ಹೋದವರು ಮರದಡಿ ಕೂತು ಕಾಯುವುದೇ ಆಗುತ್ತದೆ.

ಇನ್ನೊಂದು ಲೆಕ್ಕ. ಮ್ಯಾಪು 12 ಕಿಲೋಮೀಟರಿಗೆ ಎರಡೂವರೆ ಗಂಟೆ ಅನ್ನುತ್ತದೆ. ಅದು ಒಬ್ಬನೇ, ಬಾಯಿ ಮುಚ್ಚಿಕೊಂಡು, ಸಮತಟ್ಟಾದ ರಸ್ತೆಯಲ್ಲಿ ನಡೆದರೆ. ಗೆಳೆಯರ ಜೊತೆ ಹೋದರೆ ಐದು ಗಂಟೆ ಇಟ್ಟುಕೊಳ್ಳಿ. ನೇರಳೆ ಮರ ಸಿಕ್ಕರೆ ಐದೂವರೆ.

ನಾಲೆ ಏರಿ

ಇದನ್ನು ಹೊಳೆ ಅಂತ ಒಪ್ಪದವರು ಇದ್ದಾರೆ. ಒಪ್ಪದಿದ್ದರೆ ಬೇಡ. ಆದರೆ ನೀರಿನ ಪಕ್ಕದಲ್ಲೇ, ತಡೆಯಿಲ್ಲದೆ, ಗಂಟೆಗಟ್ಟಲೆ ನಡೆಯಬೇಕು ಅಂದರೆ ಈ ಜಿಲ್ಲೆಯಲ್ಲಿ ನಾಲೆ ಏರಿಯಷ್ಟು ಸಲೀಸಾದ ದಾರಿ ಬೇರೆ ಇಲ್ಲ. ಗಾಜನೂರು ಅಣೆಕಟ್ಟೆಯಿಂದ ಹೊರಡುವ ತುಂಗಾ ನಾಲೆ ಇದೆ. ಅದು ಶಿವಮೊಗ್ಗ ಊರೊಳಗೂ ಹಾದುಹೋಗುತ್ತದೆ. ಭದ್ರಾ ಅಣೆಕಟ್ಟೆ ಇರುವ ಬಿ.ಆರ್.ಪಿ.ಯಿಂದ ಹೊರಡುವ ಭದ್ರಾ ನಾಲೆಗಳು ಇವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗುವ ಬಸ್ ಹತ್ತಿದರೆ ಆ ಕಡೆ ತಲುಪುವುದು ಕಷ್ಟವಲ್ಲ.

ಏರಿಯ ಮೇಲೆ ಇಲಾಖೆಯ ಜೀಪು, ರೈತರ ಟ್ರ್ಯಾಕ್ಟರ್ ಓಡಾಡುವಷ್ಟು ಅಗಲದ ಮಣ್ಣು ದಾರಿ. ಏರಿಲ್ಲ, ಇಳಿಜಾರಿಲ್ಲ. ಮೇಷ್ಟ್ರ ಮಂಡಿ ಒಮ್ಮೆಯೂ ತಕರಾರು ಮಾಡಲಿಲ್ಲ. ಇಬ್ಬಿಬ್ಬರು ಜೊತೆಯಾಗಿ ನಡೆಯಬಹುದು. ಮಾತಿಗೆ ಇದು ದೊಡ್ಡ ಅನುಕೂಲ. ಒಬ್ಬರ ಹಿಂದೆ ಒಬ್ಬರು ನಡೆಯುವ ಕಾಲುದಾರಿಯಲ್ಲಿ ಮುಂದಿನವನ ಜೋಕು ಮೂರನೆಯವನಿಗೆ ತಲುಪುವುದೇ ಇಲ್ಲ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ. ಅಲ್ಲಲ್ಲಿ ತೂಬು, ಬಟ್ಟೆ ಒಗೆಯುವ ಮೆಟ್ಟಿಲು. ಸೈಕಲ್ ನಿಲ್ಲಿಸಿಕೊಂಡು ಗೇಟಿನ ಹಲ್ಲು ತಿರುಗಿಸುತ್ತಿರುವ ನೀರುಗಂಟಿ ಸಿಕ್ಕರೆ ಮಾತಾಡಿಸಿ. ಯಾವ ಹಳ್ಳಿಯವರು ಯಾವ ಹಳ್ಳಿಯ ನೀರು ಕದಿಯುತ್ತಾರೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಹೋಗುವ ಮೊದಲು ನಾಲೆಯಲ್ಲಿ ನೀರು ಬಿಟ್ಟಿದ್ದಾರಾ ಅಂತ ಕೇಳಿಕೊಳ್ಳಿ. ಮಳೆಗಾಲದ ಬೆಳೆಗೆ ಬಿಡುತ್ತಾರೆ, ಅಣೆಕಟ್ಟೆಯಲ್ಲಿ ಸಂಗ್ರಹ ಇದ್ದರೆ ಬೇಸಿಗೆ ಬೆಳೆಗೂ ಬಿಡುತ್ತಾರೆ. ನಡುವೆ ನಿಲ್ಲಿಸುತ್ತಾರೆ. ನಿಲ್ಲಿಸಿದಾಗ ಹೋದರೆ ನಿಮ್ಮ ಹೊಳೆ ಬದಿಯ ನಡಿಗೆ ಅಂದರೆ ಹೂಳು, ಪ್ಲಾಸ್ಟಿಕ್ ಮತ್ತು ನಾಯಿ.

ನೀರು ಇದ್ದಾಗ ಇನ್ನೊಂದು ಅಪಾಯ. ಹೊರಗಿಂದ ನೋಡಿದರೆ ನಾಲೆ ಸಾಧು. ಆದರೆ ಸಿಮೆಂಟಿನ ಇಳಿಜಾರು ಪಾಚಿ ಹಿಡಿದು ನುಣ್ಣಗಿರುತ್ತದೆ. ಒಳಗೆ ಜಾರಿದರೆ ಹಿಡಿಯೋಕೆ ಬೇರೂ ಇಲ್ಲ, ಕಲ್ಲೂ ಇಲ್ಲ. ಈಜು ಬಲ್ಲವರೂ ಮೇಲೆ ಹತ್ತಲಾಗದೆ ಕೊಚ್ಚಿಹೋಗುತ್ತಾರೆ. ಕೈಕಾಲು ತೊಳೆಯುವುದಿದ್ದರೆ ಮೆಟ್ಟಿಲಿರುವಲ್ಲೇ ತೊಳೆಯಿರಿ. ಸಣ್ಣ ಮಕ್ಕಳು ಜೊತೆಗಿದ್ದರೆ ನಾನಂತೂ ಈ ದಾರಿ ಬೇಡ ಅನ್ನುತ್ತೇನೆ. ನೆರಳೂ ಕಮ್ಮಿ. ಬೆಳಗ್ಗೆ ಆರೂವರೆಗೆ ಶುರುಮಾಡಿ ಹನ್ನೊಂದಕ್ಕೆ ಮುಗಿಸಿದರೆ ಸುಖ.

ಶಿವಮೊಗ್ಗ ಪೇಟೆಯಲ್ಲಿ ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ತುಂಗೆ ದಂಡೆಯಲ್ಲಿ ಕಟ್ಟಿದ ನಡಿಗೆ ದಾರಿಯೂ ಇದೆಯಲ್ಲ, ಅದು ಯಾಕೆ ಬೇಡ ಅಂತ ಕೇಳಬಹುದು. ಊಟ ಆದ ಮೇಲೆ ಅಡ್ಡಾಡೋಕೆ ಚೆನ್ನಾಗಿದೆ. ದಿನದ ನಡಿಗೆಗೆ ಸಾಲದು.

ಕೂಡ್ಲಿ

ಶಿವಮೊಗ್ಗದಿಂದ ಸುಮಾರು 16 ಕಿ.ಮೀ., ಹೊಳೆಹೊನ್ನೂರು ರಸ್ತೆಯಲ್ಲಿ ಹೋಗಿ ಒಳಗೆ ತಿರುಗಬೇಕು. ತುಂಗೆಯೂ ಭದ್ರೆಯೂ ಕೂಡುವ ಜಾಗ. ಇಲ್ಲಿಂದ ಮುಂದೆ ಹೆಸರು ತುಂಗಭದ್ರೆ. ಸಂಗಮದ ತುದಿಯಲ್ಲಿ ನಂದಿಯ ಸಣ್ಣ ಗುಡಿ, ಊರೊಳಗೆ ಸಂಗಮೇಶ್ವರ, ರಾಮೇಶ್ವರ ದೇವಸ್ಥಾನಗಳು, ಮಠಗಳು. ಕಾಡಿಲ್ಲ, ಬೆಟ್ಟ ದೂರ. ಮಲೆನಾಡು ಇಲ್ಲಿಗೆ ಮುಗಿಯುತ್ತಾ ಬಂದಿರುತ್ತದೆ. ಗದ್ದೆ, ತೆಂಗು, ಅಡಿಕೆ, ಮೆಕ್ಕೆಜೋಳ, ಮೇಲೆ ದೊಡ್ಡ ಆಕಾಶ.

ಮುಖ್ಯ ರಸ್ತೆಯಲ್ಲಿ ಬಸ್ ಇಳಿದು ಊರಿಗೆ ನಡೆದು, ಸಂಗಮದಲ್ಲಿ ಕೂತು, ಹೊಲದ ದಾರಿಗಳಲ್ಲಿ ಬೇಕಾದಷ್ಟು ಸುತ್ತಿ ವಾಪಸ್ ಬರಬಹುದು. ಉದ್ದ ನಿಮ್ಮ ಕೈಯಲ್ಲಿ. ಯಾರಿಗಾದರೂ ಸುಸ್ತಾದರೆ ದೇವಸ್ಥಾನದ ಜಗಲಿಯಲ್ಲಿ ಕೂರಿಸಿ ಉಳಿದವರು ಒಂದು ಸುತ್ತು ಹೋಗಿ ಬರಬಹುದು. ಅಪ್ಪ ಅಮ್ಮ, ಮಕ್ಕಳು, ನಡೆಯುವ ಅಭ್ಯಾಸ ಇಲ್ಲದ ಪೇಟೆಯ ಗೆಳೆಯರು ಎಲ್ಲರೂ ಬರುತ್ತೇವೆ ಅಂತ ಹಟ ಹಿಡಿದರೆ ಬೇರೆ ಯೋಚನೆ ಬೇಡ, ಕೂಡ್ಲಿಗೇ ಹೋಗಿ. ಶೌಚಾಲಯದ ಪ್ರಶ್ನೆಯೂ ಇದೆ. ಗಂಡಸರೇ ಪ್ಲಾನ್ ಮಾಡುವ ನಡಿಗೆಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ನಮ್ಮ ಗುಂಪಿನ ಹೆಣ್ಣುಮಕ್ಕಳು ಎರಡನೇ ಸಲ ಯಾಕೆ ಬರಲಿಲ್ಲ ಅನ್ನುವುದು ನಮಗೆ ಹೊಳೆಯೋಕೆ ಒಂದು ವರ್ಷ ಬೇಕಾಯಿತು. ಊರು ಹತ್ತಿರ ಇರುವ ದಾರಿಗೆ ಈ ಒಂದು ಕಾರಣಕ್ಕೇ ಹತ್ತು ಅಂಕ ಜಾಸ್ತಿ.

ಕೂಡ್ಲಿಯಲ್ಲಿ ನನಗೆ ಇಷ್ಟವಾದದ್ದು ಎರಡು ಹೊಳೆಯ ಬಣ್ಣ. ಜೂನ್ ಕೊನೆಗೆ ಹೋದಾಗ ತುಂಗೆ ಕೆಂಪಗೆ ತುಂಬಿಕೊಂಡು ನುಗ್ಗಿ ಬರುತ್ತಿತ್ತು. ಪಕ್ಕದಲ್ಲಿ ಭದ್ರೆ ತನಗೇನೂ ಸಂಬಂಧವಿಲ್ಲ ಅನ್ನುವ ಹಾಗೆ ಸಣ್ಣಗೆ ಹರಿಯುತ್ತಿತ್ತು. ಮಳೆ ಎರಡರ ಮೇಲೂ ಬಿದ್ದಿತ್ತು. ವ್ಯತ್ಯಾಸ ಅಣೆಕಟ್ಟೆಯದ್ದು. ಗಾಜನೂರು ಸಣ್ಣದು, ಮೂರು ಟಿಎಂಸಿ ಚಿಲ್ಲರೆ, ಮುಂಗಾರು ಕಾಲಿಟ್ಟ ಕೆಲವೇ ದಿನಕ್ಕೆ ತುಂಬಿ ಗೇಟು ತೆಗೆಯುತ್ತಾರೆ. ಭದ್ರಾ ಅಣೆಕಟ್ಟೆಯ ಹೊಟ್ಟೆ 71.5 ಟಿಎಂಸಿ. ಅದು ತುಂಬುವವರೆಗೆ ಕೆಳಗಿನ ಹೊಳೆಗೆ ಪಾಲು ಕಮ್ಮಿ. ಎರಡೂ ಸೇರಿದ ಮೇಲೂ ಸ್ವಲ್ಪ ದೂರ ಒಂದು ಗೆರೆ ಎಳೆದ ಹಾಗೆ ಬೇರೆ ಬೇರೆಯಾಗಿ ಹೋಗುತ್ತಿದ್ದವು. ಮೇಷ್ಟ್ರು ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತರು. ಮಾತೇ ಆಡಲಿಲ್ಲ. ನಮಗೆ ಗಾಬರಿಯಾಯಿತು.

ಇಲ್ಲಿನ ಕೊರತೆಯನ್ನೂ ಹೇಳಿಬಿಡುತ್ತೇನೆ. "ಗಂಗಾ ಸ್ನಾನ, ತುಂಗಾ ಪಾನ" ಅನ್ನುವ ಮಾತು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಕೂಡ್ಲಿ ಇರುವುದು ಶಿವಮೊಗ್ಗದ ಕೆಳಗೆ. ಅಷ್ಟು ದೊಡ್ಡ ಊರು ದಾಟಿ ಬಂದ ನೀರು ಅದು. ಬೇಸಿಗೆಯಲ್ಲಿ ಹರಿವು ಕಮ್ಮಿಯಾದಾಗ ವಾಸನೆಯೇ ಕಥೆ ಹೇಳುತ್ತದೆ. ಕುಡಿಯುವ ನೀರು ಮನೆಯಿಂದಲೇ ತಂದುಕೊಳ್ಳಿ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಗಂಗಾವತಿ ಕಡೆಗೆ ನಿರ್ಮಲ ತುಂಗಭದ್ರಾ ಪಾದಯಾತ್ರೆ ಹೊರಟಿದ್ದು ಇದೇ ಸಂಕಟಕ್ಕೆ. ಉದ್ದದ ನಡಿಗೆ ಅಂದರೆ ಅದು ಅಲ್ವಾ, ನಮ್ಮದೆಲ್ಲ ಯಾವ ಲೆಕ್ಕ.

ಚಿಬ್ಬಲಗುಡ್ಡೆಯಿಂದ ತೀರ್ಥಹಳ್ಳಿ

ನಾಲ್ಕರಲ್ಲಿ ನನ್ನ ಓಟು ಇದಕ್ಕೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ರಸ್ತೆ ಬಹುಪಾಲು ತುಂಗೆಯ ಜೊತೆಗೇ ಹೋಗುತ್ತದೆ. ಬಸ್ಸಿನ ಕಿಟಕಿಯಲ್ಲಿ ಹೊಳೆ ಕಾಣುತ್ತಲೇ ಇರುವುದರಿಂದ ಇಲ್ಲೇ ಇಳಿದು ನಡೆದುಬಿಡೋಣ ಅನಿಸುತ್ತದೆ. ಬೇಡ. ಗಾಜನೂರು, ಸಕ್ರೆಬೈಲು ದಾಟಿದರೆ ಶೆಟ್ಟಿಹಳ್ಳಿ ಅಭಯಾರಣ್ಯ. ರಸ್ತೆ ಬಿಟ್ಟು ಕಾಡಿಗೆ ಇಳಿಯುವ ಹಾಗಿಲ್ಲ. ಸಕ್ರೆಬೈಲಿನ ಬಿಡಾರದಲ್ಲಿರುವುದು ಪಳಗಿದ ಆನೆ, ಆಚೆ ಕಾಡಿನಲ್ಲಿರುವುದಕ್ಕೆ ಯಾರೂ ಪಾಠ ಹೇಳಿಕೊಟ್ಟಿಲ್ಲ. ಮಂಡಗದ್ದೆಯಲ್ಲಿ ಮಾತ್ರ ಹತ್ತು ನಿಮಿಷ ಇಳಿಯಿರಿ, ಅದೂ ಮಳೆಗಾಲದಲ್ಲಾದರೆ. ಹೊಳೆ ನಡುವಿನ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ದಡದಲ್ಲಿ ನಿಂತೇ ನೋಡಬಹುದು.

ತೀರ್ಥಹಳ್ಳಿಯಿಂದ ಚಿಬ್ಬಲಗುಡ್ಡೆಗೆ ಸುಮಾರು 10 ಕಿ.ಮೀ. ಎಲ್ಲರೂ ತೀರ್ಥಹಳ್ಳಿಯಿಂದ ಶುರುಮಾಡುತ್ತಾರೆ. ನೀವು ಉಲ್ಟಾ ಮಾಡಿ. ಬೆಳಗ್ಗೆ ಆಟೋದಲ್ಲಿ ಚಿಬ್ಬಲಗುಡ್ಡೆಗೆ ಹೋಗಿ ಅಲ್ಲಿಂದ ತೀರ್ಥಹಳ್ಳಿ ಕಡೆ ನಡೆಯಿರಿ. ಆಗ ಕಾಲು ಸೋತಷ್ಟೂ ಹೋಟೆಲು, ಬಸ್ ಸ್ಟ್ಯಾಂಡು ಹತ್ತಿರವಾಗುತ್ತಾ ಬರುತ್ತವೆ.

ಚಿಬ್ಬಲಗುಡ್ಡೆಯಲ್ಲಿ ಗಣಪತಿ ದೇವಸ್ಥಾನ, ಅದರ ಕೆಳಗೆ ತುಂಗೆ. ಇದು ಮತ್ಸ್ಯಧಾಮ, ಇಲ್ಲಿ ಮೀನು ಹಿಡಿಯುವ ಹಾಗಿಲ್ಲ. ಮೆಟ್ಟಿಲ ಹತ್ತಿರ ನೆರಳು ಬಿದ್ದರೆ ಸಾಕು, ಮೊಳದುದ್ದದ ಮೀನುಗಳು ಗುಂಪಾಗಿ ಬರುತ್ತವೆ. ಒಂದು ಹಿಡಿ ಮಂಡಕ್ಕಿ ಹಾಕಿದರೆ ನೀರು ಕುದಿದ ಹಾಗೆ ಕೊತಕೊತ ಅನ್ನುತ್ತದೆ. ಕೂತು ಕೆಳಗೆ ಬಾಗಿ ನೋಡಿ. ದುಂಡಗಿನ ಬಾಯಿ ನೀರಿನ ಮೇಲೆ ಬಂದು ಮಂಡಕ್ಕಿಯನ್ನು ಪುಸಕ್ಕನೆ ಒಳಗೆಳೆದುಕೊಳ್ಳುತ್ತದೆ. ಸದ್ದು ಮಗು ಚಮಚದಲ್ಲಿ ಪಾಯಸ ಹೀರಿದ ಹಾಗೆ. ಒಂದು ಹಿಡಿ ಸಾಕು, ಬಿಸ್ಕತ್ತು ಬ್ರೆಡ್ಡು ಎಲ್ಲ ಸುರಿಯಬೇಡಿ. ನೀರಿಗೂ ಇಳಿಯಬೇಡಿ. ಇಲ್ಲಿ ತುಂಗೆ ಮೇಲೆ ಸುಮ್ಮನಿರುತ್ತಾಳೆ, ಕೆಳಗೆ ಬಂಡೆ ನಡುವೆ ಆಳದ ಮಡುಗಳಿವೆ.

ಅಲ್ಲಿಂದ ಹಳ್ಳಿ ರಸ್ತೆ. ಮೊದಲೇ ಹೇಳಿದ ಹಾಗೆ ಹೊಳೆ ಸದಾ ಪಕ್ಕದಲ್ಲಿ ಇರುವುದಿಲ್ಲ. ತೋಟದ ಸಂದಿಯಲ್ಲಿ ಕಾಣುತ್ತದೆ, ಗುಡ್ಡದ ಹಿಂದೆ ಮರೆಯಾಗುತ್ತದೆ, ಸದ್ದು ಮಾತ್ರ ಬರುತ್ತದೆ. ಶುದ್ಧ ದಂಡೆಯ ದಾರಿಯೇ ಬೇಕು ಅನ್ನುವವರಿಗೆ ಇದು ಮೋಸ ಅನಿಸಬಹುದು. ಆದರೆ ನೆರಳಿದೆ, ಮನೆಗಳಿವೆ, ಏರಿಳಿತ ಸಣ್ಣದು. ಮೇಷ್ಟ್ರು ಊರುಗೋಲು ಹಿಡಿದು ಹತ್ತೂ ಕಿಲೋಮೀಟರ್ ನಡೆದರು. ಮಧ್ಯೆ ನಾಲ್ಕು ಸಲ ಕೂತರು. ನಾಲ್ಕೂ ಸಲ ಯಾರದ್ದೋ ಮನೆಯ ಜಗಲಿ ಸಿಕ್ಕಿತು.

ಡಿಸೆಂಬರ್, ಜನವರಿಯಲ್ಲಿ ಹೋದರೆ ಅಡಿಕೆ ಕೊಯ್ಲಿನ ಕಾಲ. ಅಡಿಕೆ ಗೊನೆ ಇಳಿಸುವ ಕೊನೆಗಾರ ದೋಟಿ ಹಿಡಿದು ಮರದಿಂದ ಮರಕ್ಕೆ ಹೋಗುತ್ತಿರುತ್ತಾನೆ. ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ಸುಲಿದ ಅಡಿಕೆ ಬೇಯುತ್ತಿರುತ್ತದೆ. ಆ ಚೊಗರಿನ ವಾಸನೆ ಒಂದು ಫರ್ಲಾಂಗು ಮೊದಲೇ ಮೂಗಿಗೆ ಬರುತ್ತದೆ. ಹಸಿ ಮರ, ಹೊಗೆ, ಸ್ವಲ್ಪ ಕಹಿ. ಒಂದು ಮನೆಯಲ್ಲಿ ನಾವು ನಿಂತು ನೋಡುತ್ತಿದ್ದಾಗ ಅಜ್ಜಿಯೊಬ್ಬರು ಮೆಟ್ಟುಕತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಕಾಯಿ ಇಟ್ಟು ಒತ್ತಿದರೆ ಸಿಪ್ಪೆ ಆ ಕಡೆ, ಅಡಿಕೆ ಈ ಕಡೆ. ಕಣ್ಣು ಅಡಿಕೆಯ ಮೇಲಿಲ್ಲ, ನಮ್ಮ ಮೇಲೆ. "ನಡ್ಕೊಂಡು ಹೋಗ್ತಿದ್ದೀರಾ? ಯಾಕೆ, ಹರಕೆಯಾ?" ಅಂದರು. ನಮ್ಮ ಬ್ಯಾಂಕಿನ ಗೆಳೆಯ ತಾನೂ ಸುಲಿಯುತ್ತೇನೆ ಅಂತ ಕೂತ. ಮೂರನೇ ಕಾಯಿಗೆ ಹೆಬ್ಬೆರಳು ಕುಯ್ದುಕೊಂಡ. ಅಜ್ಜಿ ಅರಿಶಿನ ತರಿಸಿದರು, ನಗು ತಡೆದುಕೊಂಡೇ.

ಕೊನೆಯಲ್ಲಿ ತೀರ್ಥಹಳ್ಳಿಯ ಹೊಳೆಯ ಬಂಡೆಗಳು. ಪರಶುರಾಮ ಕೊಡಲಿ ತೊಳೆದ ತೀರ್ಥ ಅಂತ ಐತಿಹ್ಯ. ಎಳ್ಳಮಾವಾಸ್ಯೆ ಜಾತ್ರೆ, ತೆಪ್ಪೋತ್ಸವ ನಡೆಯುವುದು ಇಲ್ಲೇ. ಆ ದಿನಗಳಲ್ಲಿ ಊರಿಗೆ ಊರೇ ಹೊಳೆಯಲ್ಲಿರುತ್ತದೆ. ಜಾತ್ರೆ ಬೇಕಾದವರು ಆಗ ಹೋಗಿ, ನಡಿಗೆ ಬೇಕಾದವರು ಒಂದು ವಾರ ಬಿಟ್ಟು ಹೋಗಿ. ನೀರು ಇಳಿದಾಗ ಬಂಡೆಯ ಮೇಲೆ ಒರಳಿನ ಹಾಗೆ ದುಂಡು ಕುಳಿಗಳು ಕಾಣುತ್ತವೆ. ಮಳೆಗಾಲದ ಸುಳಿಗೆ ಸಿಕ್ಕ ಕಲ್ಲು ಒಂದೇ ಕಡೆ ತಿರುಗಿ ತಿರುಗಿ ಕೊರೆದ ಗುಂಡಿಗಳು. ಒಂದರೊಳಗೆ ಕೈ ಹಾಕಿದೆ. ತಳದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಕಲ್ಲು ಇತ್ತು, ಮೊಟ್ಟೆಯ ಹಾಗೆ ನುಣ್ಣಗೆ. ನೋಡಿ ವಾಪಸ್ ಅಲ್ಲೇ ಇಟ್ಟೆ. ಇನ್ನೂ ಕೆಲಸ ಮುಗಿದಿರಲಿಲ್ಲವೇನೋ.

ಶರಾವತಿ ಹಿನ್ನೀರು

ಇದು ಗಟ್ಟಿ ಕಾಲಿನವರಿಗೆ, ಬೇಸಿಗೆಗೆ ಮಾತ್ರ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ರೈಲಿದೆ. ಕುಂಸಿ, ಆನಂದಪುರ, ಸಾಗರ ದಾಟಿ ಹೋಗುವ ಆ ರೈಲೇ ಅರ್ಧ ಮಜಾ. ಅಲ್ಲಿಂದ ಹೊನ್ನೆಮರಡು ಕಡೆಗೆ ಬಾಡಿಗೆ ಗಾಡಿ.

ಲಿಂಗನಮಕ್ಕಿ ಅಣೆಕಟ್ಟೆ ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಮಾರ್ಚಿನಿಂದ ಮೇವರೆಗೆ ಇಳಿಯುತ್ತಾ ಹೋಗುತ್ತದೆ. ಆಗ ಹಿನ್ನೀರಿನ ಅಂಚಿನಲ್ಲಿ ಬಯಲು ಬಿಚ್ಚಿಕೊಳ್ಳುತ್ತದೆ. ಬೇಲಿ ಇಲ್ಲ, ತೋಟ ಇಲ್ಲ, ನೀರಿನ ಪಕ್ಕದಲ್ಲೇ ಎಷ್ಟು ಬೇಕಾದರೂ ನಡೆಯಬಹುದು. ಶುದ್ಧ ದಂಡೆಯ ದಾರಿ ಬೇಕು ಅಂದವರಿಗೆ ಇಗೋ.

ಆದರೆ ನಡೆಯುವುದು ಯಾವುದರ ಮೇಲೆ ಅಂತ ಒಮ್ಮೆ ನೋಡಿಕೊಳ್ಳಿ. 1960ರ ದಶಕದಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಇಲ್ಲಿನ ಹಳ್ಳಿಗಳು ಮುಳುಗಿದವು. ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೆ ಮೇಲೆ ಏಳುತ್ತದೆ. ಅದಕ್ಕಿಂತ ಮೊದಲೇ ಮರದ ಬೊಡ್ಡೆಗಳು ಏಳುತ್ತವೆ, ಕಪ್ಪಗೆ, ಸಾಲಾಗಿ. ಸಾಲಾಗಿ ಇವೆ ಅಂದರೆ ಯಾರೋ ನೆಟ್ಟದ್ದು. ನಮ್ಮ ಜೊತೆ ಬಂದ ಸಾಗರದ ಗೆಳೆಯನ ಅಜ್ಜನ ಮನೆ ಇಲ್ಲೇ ಎಲ್ಲೋ ಇತ್ತಂತೆ. ಅವನು ಕೈ ತೋರಿಸಿದ ಕಡೆ ನೀರೇ ಇತ್ತು. ಅಲ್ಲಿಂದ ಮುಂದೆ ಜೋರಾಗಿ ಹಾಡು ಹಾಕುವುದನ್ನು ನಾವು ಬಿಟ್ಟೆವು. ಸಿಗಂದೂರು ಕಡೆಯ ಜನ ಅಷ್ಟು ವರ್ಷ ಲಾಂಚಿನಲ್ಲೇ ದಾಟುತ್ತಿದ್ದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಡಾಟಕ್ಕೆ ಸಿಕ್ಕಿದ್ದು 2025ರ ಜುಲೈನಲ್ಲಿ.

ನೆರಳು ಅನ್ನುವುದು ಇಲ್ಲಿ ಇಲ್ಲ. ಒಬ್ಬರಿಗೆ ಮೂರು ಲೀಟರ್ ನೀರು ಬೇಕು. ಮೊಬೈಲ್ ಸಿಗ್ನಲ್ ನಂಬಬೇಡಿ. ಕೆಲವು ಕಡೆ ಅರಣ್ಯ ಇಲಾಖೆಯ ಗಡಿ ಇದೆ, ಊರವರನ್ನು ಕೇಳಿಯೇ ಇಳಿಯಿರಿ. ಎಲ್ಲಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದದ್ದು ಹೂಳಿನ ಬಗ್ಗೆ. ಮೇಲೆ ಒಣಗಿ ಬಿರುಕು ಬಿಟ್ಟ ನೆಲ, ಕೆಳಗೆ ಇನ್ನೂ ಹಿಟ್ಟು. ನಮ್ಮ ಬ್ಯಾಂಕಿನ ಗೆಳೆಯನೇ, ಹೆಬ್ಬೆರಳಿನವನು, ನೀರು ಮುಟ್ಟಿ ಬರುತ್ತೇನೆ ಅಂತ ಹೋಗಿ ಮಂಡಿವರೆಗೆ ಹೂತುಹೋದ. ಎರಡು ಬೈರಾಸು ಗಂಟು ಹಾಕಿ ಎಳೆದೆವು. ಅವನು ಬಂದ, ಬಲಗಾಲಿನ ಚಪ್ಪಲಿ ಬರಲಿಲ್ಲ. ದನದ ಹೆಜ್ಜೆ ಗುರುತು ಇರುವಲ್ಲಿ ಮಾತ್ರ ಕಾಲಿಡಿ, ದನಕ್ಕೆ ಗೊತ್ತಿರುತ್ತದೆ. ಮೇಷ್ಟ್ರನ್ನು ನಾವು ಇಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ಫೋಟೋ ತೋರಿಸಿದೆವು, ಅವರಿಗೆ ಇನ್ನೂ ಸಿಟ್ಟಿದೆ.

ಯಾವಾಗ, ಏನು ಹಾಕಿಕೊಂಡು

ಆರಿದ್ರಾ ಮಳೆಯಿಂದ ಮಘೆವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಕೊನೆವರೆಗೆ, ಹೊಳೆ ನೋಡೋಕೆ ಹೋಗಿ, ದಂಡೆಯಲ್ಲಿ ನಡೆಯೋಕೆ ಬೇಡ. ಶಿವಮೊಗ್ಗದವರಿಗೆ ಒಂದು ಸುಲಭದ ಅಳತೆಗೋಲು ಇದೆ. ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿರುವ ಮಂಟಪ ಮುಳುಗಿದರೆ ಹೊಳೆ ತುಂಬಿತು ಅಂತ ಅರ್ಥ. ಜನ ಬಾಗಿನ ಕೊಡೋಕೆ ಹೋಗುತ್ತಾರೆ. ಆಗ ನೀವೂ ಬಾಗಿನ ಕೊಟ್ಟು ಮನೆಗೆ ಬನ್ನಿ. ಮೇಲೆ ಗೇಟು ತೆಗೆದರೆ ಕೆಳಗೆ ನೀರು ಏರುವುದಕ್ಕೆ ಹೆಚ್ಚು ಹೊತ್ತು ಬೇಡ.

ಮಳೆಗಾಲದ ಉಂಬಳಕ್ಕೆ, ಅಂದರೆ ಜಿಗಣೆಗೆ, ಅಷ್ಟು ಹೆದರಬೇಕಿಲ್ಲ. ಸುಣ್ಣವೋ ಉಪ್ಪೋ ಒಂದು ಗಂಟಿನಲ್ಲಿ ಕಟ್ಟಿಕೊಂಡು ಮುಟ್ಟಿಸಿದರೆ ಉದುರುತ್ತದೆ. ಹೆದರಬೇಕಾದದ್ದು ಉಣುಗಿಗೆ, ಅಂದರೆ ಉಣ್ಣೆಹುಳಕ್ಕೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣುಗು ಕಚ್ಚಿ. ನವೆಂಬರ್, ಡಿಸೆಂಬರಿನಿಂದ ಮೇವರೆಗೆ ಜಾಸ್ತಿ, ಅಂದರೆ ಸರಿಯಾಗಿ ನಡೆಯೋಕೆ ಹಿತವಾದ ಕಾಲದಲ್ಲೇ. ಹೊರಡುವ ಮೊದಲು ಆ ಕಡೆ ಕಾಯಿಲೆ ಸುದ್ದಿ ಇದೆಯಾ ಅಂತ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರವನ್ನೋ ಕೇಳಿ. ಇದ್ದರೆ ಕಾಡು ಬಿಟ್ಟು ಕೂಡ್ಲಿಗೆ ಹೋಗಿ. ತುಂಬು ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸಿನೊಳಗೆ. ಚಂದ ಕಾಣಲ್ಲ, ಪರವಾಗಿಲ್ಲ. ಉದುರಿದ ಒಣ ಎಲೆಯ ದರಗಿನ ಮೇಲೆ ಕೂರಬೇಡಿ. ಮನೆಗೆ ಬಂದ ತಕ್ಷಣ ಬಿಸಿನೀರು, ಸೋಪು, ಮೈಯೆಲ್ಲ ನೋಡಿಕೊಳ್ಳುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಹೇಳಿ.

ಬುತ್ತಿಗೆ ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ. ಆ ಮಿಡಿ ಮಾವಿನ ಮರಗಳೂ ಇದೇ ಹೊಳೆ ಹಳ್ಳಗಳ ದಂಡೆಯವೇ. ಚಪಾತಿ ಬೇಡ, ಮಧ್ಯಾಹ್ನಕ್ಕೆ ಚಪ್ಪಲಿ ಆಗಿರುತ್ತದೆ.

ಗಾಡಿ ಎಲ್ಲಿ ನಿಲ್ಲಿಸುವುದು

ಸ್ವಂತ ಕಾರಿನಲ್ಲಿ ಹೋಗುವುದಾದರೆ ಅದನ್ನು ನಡಿಗೆ ಮುಗಿಯುವ ಕಡೆ ನಿಲ್ಲಿಸಿ, ಬಸ್ಸಿನಲ್ಲೋ ಆಟೋದಲ್ಲೋ ಶುರುವಿನ ಜಾಗಕ್ಕೆ ಹೋಗಿ. ಸಂಜೆ ಕೊನೇ ಬಸ್ಸಿಗಾಗಿ ಓಡುವುದು ತಪ್ಪುತ್ತದೆ. ಚಳಿಗಾಲದಲ್ಲಿ ಆರೂಕಾಲಿಗೆಲ್ಲ ಹೊತ್ತು ಮುಳುಗುತ್ತದೆ, ತೋಟದೊಳಗೆ ಅದಕ್ಕೂ ಮೊದಲೇ ಕತ್ತಲು.

ನಾವು ಒಮ್ಮೆ ಹೀಗೇ ಲೆಕ್ಕ ಹಾಕಿ ಕಾರನ್ನು ತೀರ್ಥಹಳ್ಳಿಯಲ್ಲಿ ನಿಲ್ಲಿಸಿದ್ದೆವು. ಐದು ಮುಕ್ಕಾಲಿಗೆ ಬಂದು ತಲುಪಿದೆವು. ಕಾಲು ಬಿದ್ದುಹೋಗಿದ್ದವು, ಆದರೆ ಕಾರು ಕಣ್ಣೆದುರಿಗಿತ್ತು. ಕೀಲಿ ಎಲ್ಲಿ ಅಂದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೆಬ್ಬೆರಳು ಕುಯ್ದುಕೊಂಡವನು ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು ಅಂತ ಮಧ್ಯಾಹ್ನವೇ ಯಾರದ್ದೋ ಬೈಕ್ ಹತ್ತಿ ಹೋಗಿದ್ದ. ಫೋನ್ ಮಾಡಿದಾಗ ಅವನು ಶಿವಮೊಗ್ಗ ಬಸ್ಸಿನಲ್ಲಿ ಮಂಡಗದ್ದೆ ದಾಟಿದ್ದ. "ಅಯ್ಯೋ, ಜೇಬಲ್ಲೇ ಇದೆ ಕಣ್ರೋ" ಅಂದ. ಮೇಷ್ಟ್ರು ಕಾರಿನ ಬಾನೆಟ್ಟಿಗೆ ಒರಗಿ ನಿಂತು, ಊರುಗೋಲು ಪಕ್ಕಕ್ಕಿಟ್ಟು, "ಇನ್ನೊಂದು ಕಾಫಿ ಕುಡಿಯೋಣ" ಅಂದರು.